ನಿಂತಲ್ಲೇ ಕುಡಿದ ಪೆಟ್ರೋಲ್

"ನಿಮ್ಮ ಗಾಡಿ ಹೆಂಗದ್ರೀ ಸಿಸ್ಟರ್, ತಗೋಬಹುದಾ?" ಎಂದು ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ನಾನು ತಟ್ಟನೆ ಉತ್ತರ ಕೊಡುವವಳಲ್ಲ. ಇವರು ಯಾಕೆ ಕೇಳುತ್ತಿದ್ದಾರೆ, ಕೊಳ್ಳಲಿಕ್ಕೋ, ಬರೀ ಹೊಟ್ಟೆಯುರಿಗೋ ಎಂದು ಮೊದಲು ಮುಖ ನೋಡುತ್ತೇನೆ. ನನ್ನ ಸ್ವಭಾವವೇ ಹಾಗೆ. ರಾಯಚೂರಿನಲ್ಲಿ ಹದಿನೆಂಟು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. "ಗುಳಿಗಿ ನುಂಗೀನ್ರೀ" ಎಂದು ರೋಗಿ ಹೇಳಿದರೆ, ಹ್ಞೂಂ ಎನ್ನುತ್ತಲೇ ಅವನ ದಿಂಬು ಎತ್ತಿ ನೋಡುತ್ತೇನೆ. ಎಷ್ಟೋ ಸಲ ಗುಳಿಗೆ ಅಲ್ಲೇ ಬೆಚ್ಚಗೆ ಮಲಗಿರುತ್ತದೆ. ಇಂಥವಳಿಗೆ ಜನರ ಮಾತು ನಂಬು ಎಂದರೆ ಹೇಗೆ ನಂಬಲಿ?

ನಮ್ಮ ಮನೆಯವರು ಸರಕಾರಿ ಶಾಲೆಯ ಮಾಸ್ತರರು. ಮಾನ್ವಿಯ ಒಂದು ಶಾಲೆಯಲ್ಲಿ ಒಂಬತ್ತು ವರ್ಷ ಇದ್ದರು, ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದರು. ಕಳೆದ ಜೂನ್ ತಿಂಗಳಲ್ಲಿ ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಅಲ್ಲಿಗೆ ನೇರ ಬಸ್ಸಿಲ್ಲ. ದೇವದುರ್ಗದಲ್ಲಿಳಿದು, ಆಟೊದವನು ಹನ್ನೆರಡು ಮಂದಿ ತುಂಬುವವರೆಗೆ ಕಾದು, ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹಾಗಾಗಿ ಗಾಡಿ ತೆಗೆದುಕೊಂಡೆವು.

ತೆಗೆದುಕೊಂಡದ್ದು ಈಗ ಎಲ್ಲರೂ ತೆಗೆದುಕೊಳ್ಳುವಂಥದ್ದೇ. ಅತ್ತ ಕಾರೂ ಅಲ್ಲ, ಇತ್ತ ಜೀಪೂ ಅಲ್ಲ. ಮುಂದಿನಿಂದ ನೋಡಿದರೆ ಎದೆ ಸೆಟೆಸಿ ನಿಂತ ಪೈಲ್ವಾನ, ಒಳಗೆ ಕೂತರೆ ಸಾಧಾರಣ ಕಾರು. ಶೋರೂಮಿನವನು ಬಾಯಿ ತುಂಬ ಹೊಗಳಿದ. ಮೇಲೆ ಗಾಜಿನ ಕಿಟಕಿ ಬೇರೆ ಇತ್ತು. ಗುಂಡಿ ಒತ್ತಿದರೆ ಛಾವಣಿ ತೆರೆದು ಆಕಾಶ ಕಾಣುತ್ತದಂತೆ. "ತಮ್ಮಾ, ಇದು ರಾಯಚೂರು. ಇಲ್ಲಿ ಮಂದಿ ಬಿಸಿಲು ಒಳಗ ಬರಬಾರದಂತ ಸಾಯಾಕತ್ತಾರ. ನೀ ಛತ್ತು ತೂತು ಮಾಡಿ ಕೊಡ್ತಿಯಲ್ಲ?" ಎಂದೆ. ಅವನು ನಕ್ಕ. "ಮೈಲೇಜ್ ಎಷ್ಟು?" ಎಂದೆ. "ಇಪ್ಪತ್ತು ಪಕ್ಕಾ ಮೇಡಂ" ಎಂದ. ಕೇಳದಿದ್ದರೂ ಪಕ್ಕಾ ಎಂದು ಸೇರಿಸುವವರನ್ನು ನಾನು ಮೊದಲೇ ನಂಬುವುದಿಲ್ಲ.

ಗಾಡಿ ಕೈಗೆ ಬಂದ ದಿನ ಅವನೇ ನಾಲ್ಕು ಲಿಂಬೆಹಣ್ಣು ತಂದು ಗಾಲಿಯ ಕೆಳಗೆ ಇಡಲು ಬಗ್ಗಿದ. "ಬ್ಯಾಡಪ್ಪಾ, ನಮ್ಮಲ್ಲಿ ಇಡಂಗಿಲ್ಲ" ಎಂದೆ. ನಮ್ಮದು ಕೂಲಿ ಮಾಡಿ ಮೇಲೆ ಬಂದ ಮನೆತನ. ನಮ್ಮ ಮಾವನ ಕಾಲದಲ್ಲೇ ಮನೆಗೆ ಬುದ್ಧ ಬಂದ. ಹೊಸದೇನು ತಂದರೂ ಎರಡು ಮೇಣದಬತ್ತಿ ಹಚ್ಚಿ, ತ್ರಿಶರಣ ಹೇಳಿ, ಪೇಢೆ ಹಂಚುವುದು ನಮ್ಮ ಪದ್ಧತಿ. ಶೋರೂಮಿನ ಹುಡುಗ ಲಿಂಬೆಹಣ್ಣು ಕೈಯಲ್ಲಿ ಹಿಡಿದು ನಮ್ಮನ್ನು ಒಂದು ಗಳಿಗೆ ನೋಡಿದ, ಆಮೇಲೆ ಬೇರೆ ಮಾತು ತೆಗೆದ. ನಾನು ಬ್ಯಾಗಿನಿಂದ ಬೆರಳುದ್ದದ ಬುದ್ಧನನ್ನು ತೆಗೆದು, ಸ್ಟೇರಿಂಗ್ ಮುಂದಿನ ಕಟ್ಟೆಯ ಮೇಲೆ ನಡುಮಧ್ಯ ಅಂಟಿಸಿದೆ. ಟೇಪ್ ಗಟ್ಟಿ ಹಿಡಿಯಲಿ ಎಂದು ನೂರು ಎಣಿಸುವವರೆಗೆ ಒತ್ತಿ ಹಿಡಿದಿದ್ದೆ.

ಗಾಡಿಯ ಒಳ್ಳೆಯ ಗುಣ ಮುಚ್ಚಿಡಬಾರದು, ಹೇಳುತ್ತೇನೆ. ಸೀಟು ಎತ್ತರ. ಸೀರೆಯುಟ್ಟವರು ಬಗ್ಗಬೇಕಿಲ್ಲ, ಏರಬೇಕಿಲ್ಲ, ಮಂಚದ ಮೇಲೆ ಕೂತ ಹಾಗೆ ಕೂರಬಹುದು. ಗಾಡಿಯ ಹೊಟ್ಟೆ ನೆಲದಿಂದ ಎತ್ತರ ಇರುವುದರಿಂದ ಊರೂರಿನವರು ಮನಸ್ಸಿಗೆ ಬಂದಂತೆ ಹಾಕಿದ ರಸ್ತೆ ಉಬ್ಬುಗಳಿಗೆ ತಳ ತಾಗುವುದಿಲ್ಲ. ಎಸಿ ಅಂದರೆ ಎಸಿ. ಏಪ್ರಿಲ್ ಬಿಸಿಲಿನಲ್ಲೂ ಐದು ನಿಮಿಷಕ್ಕೆ ಮೈ ತಣ್ಣಗಾಗುತ್ತದೆ.

ಕೆಟ್ಟ ಗುಣವೂ ಕೇಳಿ. ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ದಪ್ಪ ಎಂದರೆ ತಿರುವಿನಲ್ಲಿ ಒಂದು ಇಡೀ ಮೋಟಾರ್‌ಸೈಕಲ್ ಅದರ ಹಿಂದೆ ಮಾಯವಾಗುತ್ತದೆ. ಹಿಂದಿನ ಸೀಟಿನಲ್ಲಿ ಮೂರನೆಯವರು ಕೂತರೆ ನಡುವಿನವರಿಗೆ ಕಾಲಿಡಲು ಜಾಗವಿಲ್ಲ. ನೋಡಲು ಜೀಪಿನ ಹಾಗಿದ್ದರೂ ಎಳೆಯುವುದು ಮುಂದಿನ ಎರಡೇ ಗಾಲಿ. ಒಂದು ಮಳೆಯ ದಿನ ನಮ್ಮ ಮನೆಯವರು ಮಸರಕಲ್ ಹತ್ತಿರ ಎದುರಿನ ಲಾರಿಗೆ ದಾರಿ ಬಿಡಲು ರಸ್ತೆ ಬಿಟ್ಟು ಎರೆಮಣ್ಣಿಗೆ ಇಳಿಸಿದರಂತೆ. ಗಾಲಿ ಗರಗರ ತಿರುಗಿತೇ ಹೊರತು ಗಾಡಿ ಮಿಸುಕಲಿಲ್ಲ. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ತನ್ನ ಕಂಬಳಿಯನ್ನೇ ಗಾಲಿಯ ಕೆಳಗೆ ಹಾಸಿ ಮೇಲೆತ್ತಿಸಿದನಂತೆ. ಪೈಲ್ವಾನನ ಶಕ್ತಿ ಅಷ್ಟೇ.

ಇದೆಲ್ಲವನ್ನೂ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಮೈಲೇಜು.

ಇಪ್ಪತ್ತು ಬರುತ್ತದೆಂದು ನಾನು ಕನಸಿನಲ್ಲೂ ನಂಬಿರಲಿಲ್ಲ, ಹದಿನೇಳಾದರೂ ಬರಲಿ ಎಂದಿದ್ದೆ. ಸ್ಟೇರಿಂಗ್ ಹಿಂದಿನ ಪರದೆಯ ಮೇಲೆ ತೋರಿಸುತ್ತಿದ್ದದ್ದು ಹದಿನಾಲ್ಕು. ಒಮ್ಮೊಮ್ಮೆ ಅದಕ್ಕೂ ಕಡಿಮೆ. ವಾರ್ಡಿನಲ್ಲಿ ಜ್ವರದ ಚಾರ್ಟ್ ಬರೆದು ಅಭ್ಯಾಸವಾದ ಕೈ, ಅಡುಗೆಮನೆಯ ಕ್ಯಾಲೆಂಡರ್ ಮೇಲೆ ದಿನಾ ಸಂಜೆ ಬರೆಯತೊಡಗಿತು. ಹದಿನಾಲ್ಕು, ಹದಿನಾಲ್ಕು, ಹದಿಮೂರೂವರೆ. ಶೋರೂಮಿಗೆ ಹೋಗಿ ಅವರ ಗ್ರಹಚಾರ ಬಿಡಿಸಿದೆ. ಅವರು ಗಾಡಿ ಒಂದು ದಿನ ಇಟ್ಟುಕೊಂಡು, ತೊಳೆದು, "ಎಲ್ಲಾ ಬರೋಬರ್ ಅದ ಮೇಡಂ, ಓಡಿಸೋ ರೀತಿ ಮ್ಯಾಲೆ ಇರ್ತದ" ಎಂದರು. ಆಮೇಲೆ ಪೆಟ್ರೋಲ್ ಬಂಕಿನ ಮೇಲೆ ಅನುಮಾನ ಬಂತು. ಬಂಕ್ ಬದಲಿಸಿದೆ. ಕೆಳಗಿಳಿದು ಮೀಟರಿಗೆ ಮೂಗು ಹಚ್ಚಿ ನಿಂತೆ. ಅದೇ ಹದಿನಾಲ್ಕು.

"ಅಷ್ಟ್ಯಾಕ ತಲಿ ಕೆಡಿಸ್ಕೋತಿ? ಹೊಸಾ ಇಂಜಿನ್ನು, ಮುಂದ ಸುಧಾರಸ್ತದ ಬಿಡು" ಎಂದರು ನಮ್ಮ ಮನೆಯವರು. ಒಂದು ರೂಪಾಯಿಯ ಕೊತ್ತಂಬರಿಗೂ ಚೌಕಾಸಿ ಮಾಡುವ ಮನುಷ್ಯ ಬಿಡು ಎನ್ನುತ್ತಾರೆಂದರೆ! ನನಗೆ ಅಲ್ಲೇ ಒಂದು ಸಣ್ಣ ಮುಳ್ಳು ನೆಟ್ಟಿತು.

ಒಂದು ಭಾನುವಾರ ಮಾನ್ವಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೊರಟೆವು. ಬೇಕೆಂದೇ ಎಸಿ ಜೋರಾಗಿ ಹಾಕಿಸಿದೆ. ಇಡೀ ದಾರಿ ಭತ್ತದ ಗದ್ದೆ ನೋಡಲಿಲ್ಲ, ಕಾಲುವೆ ನೋಡಲಿಲ್ಲ, ಪರದೆಯನ್ನೇ ನೋಡುತ್ತ ಕೂತೆ. ವಾಪಸ್ ಮನೆ ಮುಟ್ಟಿದಾಗ ಹದಿನೇಳೂವರೆ ತೋರಿಸಿತು. ಸೋಮವಾರ ಸಂಜೆ ಮತ್ತೆ ಹದಿನಾಲ್ಕು! ಭಾನುವಾರ ಇಲ್ಲದ ಜ್ವರ ಶಾಲೆಯ ದಿನ ಬರುತ್ತದೆ ಎಂದರೆ ರೋಗ ಗಾಡಿಯದಲ್ಲ. ಹಾಗಾದರೆ ಯಾರದು?

ಬೇರೆ ಎಲ್ಲಿಗಾದರೂ ಹೋಗುತ್ತಾರೇನೋ ಎಂದು ಕಿಲೋಮೀಟರ್ ನೋಡಿದೆ. ಹೋಗಿ ಬರುವುದು ನೂರಾ ಹತ್ತು. ದಿನಾ ನೂರಾ ಹತ್ತೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನನಗೆ ತಲೆಕೆಟ್ಟಿತು. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾನೆ, ನನ್ನ ಸ್ಕೂಟಿ ರಿಪೇರಿ ಮಾಡುವವನು. ಕ್ಯಾಲೆಂಡರಿನ ಹಾಳೆ ಹರಿದು ಒಯ್ದು ಅವನ ಮುಂದೆ ಹಿಡಿದೆ. ಅವನು ಕೈಯೊರೆಸಿಕೊಂಡು ನೋಡಿದ.

"ಇಂಜಿನ್ ಸಾಫ್ ಅದ ಅಕ್ಕಾರ. ನಿಮ್ಮ ಗಾಡಿ ನಿಂತಲ್ಲೇ ಕುಡ್ಯಾಕತ್ಯದ."

"ನಿಂತಲ್ಲೇ ಅಂದ್ರ?"

"ಸಾಹೇಬರು ಎಲ್ಲೋ ನಿಲ್ಸಿ ಎಸಿ ಹಾಕ್ಕೊಂಡು ಕುಂಡ್ರತಾರ. ಟ್ರಿಪ್ಪಿನ್ಯಾಗ ಟೈಮ್ ತೋರಸ್ತದ, ನೋಡ್ರಿ ಬೇಕಾದ್ರ. ಇಂಜಿನ್ ಎಷ್ಟೊತ್ತು ಚಾಲೂ ಇತ್ತು ಅಂತ ಸುಳ್ಳು ಹೇಳಂಗಿಲ್ಲ ಅದು."

ಮರುದಿನ ಬೆಳಿಗ್ಗೆ ಅವರು ಬೂಟು ಹಾಕಿಕೊಳ್ಳುತ್ತಿದ್ದಾಗ ನಾನು ಗಾಡಿಯೊಳಗೆ ಕೂತು ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ಸಂಜೆ ನೋಡಿದರೆ ನೂರಾ ಹತ್ತು ಕಿಲೋಮೀಟರ್, ಮೂರೂವರೆ ಗಂಟೆ. ಹೋಗಲು ಒಂದೂಕಾಲು, ಬರಲು ಒಂದೂಕಾಲು. ಉಳಿದ ಒಂದು ಗಂಟೆ? ನಾಲ್ಕು ದಿನ ನೋಡಿದೆ. ನಾಲ್ಕೂ ದಿನ ಒಂದು ಗಂಟೆ. ಗಾಜು ಏರಿಸಿ, ಎಸಿ ಹಾಕಿ, ದಿನಾ ಒಂದು ಗಂಟೆ ಒಬ್ಬ ಗಂಡಸು ನಿಂತ ಗಾಡಿಯಲ್ಲಿ ಕೂರುತ್ತಾನೆಂದರೆ ಯಾವ ಹೆಂಡತಿಯ ಮನಸ್ಸು ಎಲ್ಲಿಗೆ ಹೋಗುತ್ತದೋ ನನ್ನದೂ ಅಲ್ಲಿಗೇ ಹೋಯಿತು. ಮದುವೆಯಾಗಿ ಹದಿನಾರು ವರ್ಷ.

ಅಷ್ಟಾದರೂ ಬುತ್ತಿ ಕಟ್ಟುವುದು ಬಿಡಲಿಲ್ಲ. ಬುತ್ತಿಯ ವಿಷಯ ಇಲ್ಲಿ ಹೇಳಲೇಬೇಕು. ಮಾಸ್ತರರು ಮಧ್ಯಾಹ್ನ ದುಂಡಗೆ ಕೂತು, ಎಲ್ಲರ ಡಬ್ಬಿ ನಡುವೆ ಇಟ್ಟು, ಹಂಚಿಕೊಂಡು ತಿನ್ನುತ್ತಾರೆ. ಮಾನ್ವಿಯಲ್ಲಿ ಹಾಗಿತ್ತು, ಹೊಸ ಶಾಲೆಯಲ್ಲೂ ಹಾಗೇ ಎಂದು ಮೊದಲ ವಾರವೇ ಹೇಳಿದ್ದರು. ಹಾಗಾಗಿ ನಾನು ಒಬ್ಬರಿಗೆಂದು ಕಟ್ಟಿದವಳೇ ಅಲ್ಲ. ಎಂಟು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಡಬ್ಬಿ ಖಾಲಿ ಬರುತ್ತಿತ್ತು, ಜೊತೆಗೆ ಸುದ್ದಿಯೂ ಬರುತ್ತಿತ್ತು. ಹೆಡ್‌ಮಾಸ್ತರರಿಗೆ ಪಲ್ಯ ಬಹಳ ಸೇರಿತಂತೆ. ಪಿ.ಟಿ. ಮಾಸ್ತರರು ಚಟ್ನಿಗೆ ಉಪ್ಪು ಒಂಚೂರು ಕಮ್ಮಿ ಅಂದರಂತೆ. "ಬಿ.ಪಿ. ತಂದ್ಕೊಳ್ಳಾಕ ಅಷ್ಟು ಅವಸರ ಅದ ಏನು ಅವರಿಗೆ?" ಎಂದು ಬೈದರೂ ಮರುದಿನದಿಂದ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿದ್ದೆ.

ಮಾರ್ಚ್ ಮೊದಲ ವಾರ. ಆಸ್ಪತ್ರೆಗೆ ರಜೆ ಹಾಕಿ, ಅವರಿಗೆ ಹೇಳದೆ, ಅವರು ಹೊರಟ ಎರಡು ಗಂಟೆಯ ಮೇಲೆ ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಆಟೊ. ಪಕ್ಕದಲ್ಲಿ ಮೆಣಸಿನಕಾಯಿಯ ಚೀಲ, ಸೀನಿ ಸೀನಿ ಸಾಕಾಯಿತು. ಸಿಕ್ಕರೆ ಏನೇನು ಕೇಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಆಡುತ್ತ ಹೋದೆ.

ಶಾಲೆ ಮುಟ್ಟಿದಾಗ ಮಕ್ಕಳ ಬಿಸಿಯೂಟ ಮುಗಿದಿತ್ತು. ಅಂಗಳದ ಆಚೆ ತುದಿಯಲ್ಲಿ, ಬೇವಿನ ಮರದ ಕೆಳಗೆ, ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಮ್ಮ ಗಾಡಿ ನಿಂತಿತ್ತು. ಗಾಜುಗಳಿಗೆ ಬಿಸಿಲು ತಡೆಯುವ ಪರದೆ. ಇಂಜಿನ್ನಿನ ಸದ್ದು ಇಷ್ಟು ದೂರಕ್ಕೂ ಕೇಳುತ್ತಿತ್ತು. ನೇರ ಹೋಗುವ ಧೈರ್ಯ ಬರಲಿಲ್ಲ. ಮೊದಲು ಉಳಿದ ಮಾಸ್ತರರ ಬಾಯಿ ಬಿಡಿಸೋಣ ಎಂದು ವರಾಂಡದ ಕಡೆ ನಡೆದೆ. ಅಲ್ಲಿ ಐದು ಮಂದಿ ಮಾಸ್ತರರು ದುಂಡಗೆ ಕೂತು ಊಟ ಮಾಡುತ್ತಿದ್ದರು. ನಾನು ಇಂಥವರ ಹೆಂಡತಿ ಎಂದು ಹೇಳಿಕೊಂಡೆ.

"ಬರ್ರಿ ಬರ್ರಿ ಮೇಡಂ" ಎಂದರು. ಯಾರೂ ಏಳಲಿಲ್ಲ.

ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದವರೇ ಪಿ.ಟಿ. ಮಾಸ್ತರರು ಎಂದು ಗೊತ್ತಾಯಿತು. ನಗುತ್ತ ಕೇಳಿದೆ: "ಚಟ್ನಿಗೆ ಉಪ್ಪು ಈಗ ಸರಿ ಅದ ಏನ್ರಿ ಸರ್?"

"ಯಾವ ಚಟ್ನಿ ರೀ?"

"ನಾ ಕಳಸೂದು. ಶೇಂಗಾದ್ದು."

ಅವರು ಉಳಿದವರ ಮುಖ ನೋಡಿದರು. ಹೆಡ್‌ಮಾಸ್ತರರು ತಮ್ಮ ತಟ್ಟೆ ನೋಡಿಕೊಂಡರು. ಕೊನೆಗೆ ಒಬ್ಬರು ಗಾಡಿಯ ಕಡೆ ಗದ್ದ ತಿರುಗಿಸಿ, "ಸರ್ ಅಲ್ಲೇ ಊಟಾ ಮಾಡ್ತಾರ್ರೀ. ಅವರಿಗೆ ಎಸಿ ಬೇಕ್ರಿ. ದೊಡ್ಡ ಗಾಡಿ ಮಂದಿ, ನಮ್ಮ ಜೋಡಿ ಎಲ್ಲಿ ಕುಂಡ್ರತಾರ?" ಎಂದರು. ಒಬ್ಬಿಬ್ಬರು ನಕ್ಕರು.

ಹಾಗಾದರೆ ಎಂಟು ರೊಟ್ಟಿ ಯಾರು ತಿನ್ನುತ್ತಾರೆ? ನಾನು ನಾಲ್ಕಕ್ಕೆ ಎದ್ದು ಬಡಿದ ರೊಟ್ಟಿ ಯಾವಳ ಬಾಯಿಗೆ ಹೋಗುತ್ತದೆ? ಮುಂದಿನ ಮಾತು ಕೇಳಲಿಲ್ಲ. ಆ ಬಿಸಿಲಿನಲ್ಲಿ ಅಂಗಳ ದಾಟಿ ಓಡಿದ ಹಾಗೆ ಹೋಗಿ ಗಾಡಿಯ ಹಿಂದಿನ ಬಾಗಿಲು ಜಗ್ಗಿದೆ. ಹಿಂದಿನ ಸೀಟು ನೋಡಿದೆ. ನೆಲ ನೋಡಿದೆ. ಪಕ್ಕದ ಸೀಟು ನೋಡಿದೆ. ಯಾರೂ ಇರಲಿಲ್ಲ.

ಅವರೊಬ್ಬರೇ. ಸೀಟು ಹಿಂದಕ್ಕೆ ಸರಿಸಿ, ತೊಡೆಯ ಮೇಲೆ ಟವೆಲ್ ಹಾಸಿ, ಅದರ ಮೇಲೆ ಡಬ್ಬಿ ಇಟ್ಟುಕೊಂಡಿದ್ದರು. ಬಾಯಲ್ಲಿ ತುತ್ತು. ಎದುರಿಗೆ ಗಾಜಿನಾಚೆ ಸುಣ್ಣ ಉದುರಿದ ಗೋಡೆ.

"ಮನ್ಯಾಗ ಏನಾತು? ಯಾರಿಗೇನಾತು?" ಎಂದು ಗಾಬರಿಯಾದರು.

"ಎಷ್ಟು ದಿನ ಆತು ಇಲ್ಲಿ ಉಣ್ಣಾಕತ್ತು?"

ನಾನು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. "ಹೇಳ್ರಿ. ಹೇಳಲಿಲ್ಲಂದ್ರ ನಾ ಇಲ್ಲಿಂದ ಏಳಂಗಿಲ್ಲ."

ಹೇಳಿದರು. ಮೊದಲ ಮೂರು ವಾರ ಆ ದುಂಡಿನಲ್ಲಿ ಅವರೂ ಕೂತಿದ್ದರು. ಆಮೇಲೆ ಗಾಡಿ ಬಂತು. ಪೇಢೆ ಹಂಚಿದ ದಿನ ಎಲ್ಲರೂ ಗಾಡಿಯ ಸುತ್ತ ನಿಂತು ಬಾಗಿಲು ತೆಗೆದು ನೋಡಿದರು. ಒಬ್ಬರು ಒಳಗೆ ಬಗ್ಗಿ, "ಇದೇನ್ರೀ ಸರ್, ಬುದ್ಧನ್ನ ಇಟ್ಟೀರಿ? ಗಣಪ್ಪ ಸಿಗಲಿಲ್ಲೇನು?" ಎಂದರು. ಇವರು ಮುಚ್ಚಿಡಲಿಲ್ಲ, ನಮ್ಮ ಜಾತಿ ಇಂಥದ್ದು ಎಂದು ಹೇಳಿದರು. ಕೈಯಲ್ಲಿದ್ದ ಪೇಢೆ ಕೆಲವರ ಕೈಯಲ್ಲೇ ಉಳಿಯಿತು. ಮರುದಿನ ಒಬ್ಬರಿಗೆ ಒಪ್ಪತ್ತು, ಇನ್ನೊಬ್ಬರಿಗೆ ಹೊಟ್ಟೆನೋವು, ಮತ್ತೊಬ್ಬರಿಗೆ ಊರಲ್ಲೇ ಊಟದ ಕರೆ. ಮೂರು ದಿನ ಇವರು ವರಾಂಡದಲ್ಲಿ ಒಬ್ಬರೇ ಡಬ್ಬಿ ಬಿಚ್ಚಿದರು. ನಾಲ್ಕನೆಯ ದಿನ ಗಾಡಿಯಲ್ಲಿ ಕೂತರು. ಐದನೆಯ ದಿನ ವರಾಂಡದಲ್ಲಿ ದುಂಡು ಮತ್ತೆ ಕೂಡಿತು.

"ಮತ್ತ ರೊಟ್ಟಿ?"

"ದಾರ್ಯಾಗ ಆ ಕುರಿ ಕಾಯೋ ಅಜ್ಜಗ ಕೊಡತಿದ್ದೆ."

"ಹೆಡ್‌ಮಾಸ್ತರು ಪಲ್ಯ ಚಲೋ ಅಂದಿದ್ದು?"

"ನಾನೇ ಅಂದಿದ್ದು."

"ಪಿ.ಟಿ. ಮಾಸ್ತರು ಉಪ್ಪು ಕಮ್ಮಿ ಅಂದಿದ್ದು?"

ಅವರು ಟವೆಲ್ಲಿನ ಅಂಚು ಮಡಚಿದರು. "ದಿನಾ ಚಲೋ ಅದ, ಚಲೋ ಅದ ಅಂದ್ರ ನೀ ನಂಬ್ತಿದ್ದಿಯಾ? ನಿನಗ ಅನುಮಾನ ಬರ್ತಿತ್ತು."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಂಪನಿಯನ್ನು ಅನುಮಾನಿಸಿದೆ, ಬಂಕಿನವನನ್ನು ಅನುಮಾನಿಸಿದೆ, ಹದಿನಾರು ವರ್ಷ ಜೊತೆಗೆ ಬಾಳಿದ ಮನುಷ್ಯನನ್ನು ಅನುಮಾನಿಸಿದೆ. ಅನುಮಾನಿಸಬೇಕಾದವರಿಗೆ ಎಂಟು ತಿಂಗಳು ರೊಟ್ಟಿ ಬಡಿದು ಕಳಿಸಿದ್ದೆ. ಉಪ್ಪು ಬೇರೆ ಹೆಚ್ಚು ಹಾಕಿ!

"ಈ ಬುದ್ಧನ್ನ ಕಿತ್ತು ಒಳಗ ಇಡಬೇಕಿತ್ತು. ನಾ ಹಚ್ಚಿದ್ದು, ನಾ ಏನು ಅಂತಿದ್ದೆ?"

"ಯಾಕ ಕೀಳಲಿ?" ಎಂದರು. ಮೊದಲ ಸಲ ದನಿ ಎತ್ತಿದ್ದರು.

ನಾನು ಗುಂಡಿ ಒತ್ತಿ ಇಂಜಿನ್ ಆರಿಸಿದೆ. ಎಸಿ ನಿಂತಿತು. ಇಳಿದು ಹಿಂದೆ ಹೋಗಿ ಡಿಕ್ಕಿ ತೆಗೆದೆ. ಬಾಗಿಲು ಮೇಲೆದ್ದು ತಲೆಯ ಮೇಲೆ ಚಪ್ಪರದ ಹಾಗೆ ನಿಂತಿತು. ಆ ಡಿಕ್ಕಿಯ ಅಂಚು ಇಬ್ಬರು ಕೂರಲು ಹೇಳಿ ಮಾಡಿಸಿದ ಎತ್ತರ. ಶೋರೂಮಿನವನು ಅಷ್ಟು ಹೊಗಳಿದನಲ್ಲ, ಈ ಒಂದು ಗುಣ ಅವನಿಗೇ ಗೊತ್ತಿರಲಿಲ್ಲ. ಗಾಡಿಯ ಮುಖ ಗೋಡೆಗಿತ್ತು, ಡಿಕ್ಕಿ ನೇರ ವರಾಂಡಕ್ಕೆ.

"ಬರ್ರಿ ಇಲ್ಲಿ. ಡಬ್ಬಿ ತಗೊಂಡು ಬರ್ರಿ."

"ಅವರು ನೋಡಾಕತ್ತಾರ."

"ನೋಡ್ಲಿ."

"ನೀ ಜಗಳಾ ಮಾಡಬ್ಯಾಡ. ನಾ ಇಲ್ಲಿ ದಿನಾ ಬರಬೇಕು."

"ನಾ ಒಂದು ಮಾತೂ ಆಡಂಗಿಲ್ಲ. ಉಣ್ಣಾಕ ಬರ್ರಿ ಅಷ್ಟೇ."

ಅವರು ಬಹಳ ಹೊತ್ತು ಬರಲಿಲ್ಲ. ನಾನೊಬ್ಬಳೇ ಆ ಅಂಚಿನ ಮೇಲೆ ಕೂತಿದ್ದೆ. ಎದುರಿಗೆ ಐದು ಮಂದಿ ಊಟ ನಿಲ್ಲಿಸಿ ಕೂತಿದ್ದರು. ಬರುವುದಿಲ್ಲವೇನೋ, ಇವರಿಗೆ ಈ ಗೋಡೆಯೇ ರೂಢಿಯಾಗಿ ಹೋಯಿತೇನೋ ಎಂದುಕೊಂಡೆ. ಆಮೇಲೆ ಮುಂದಿನ ಬಾಗಿಲಿನ ಸದ್ದಾಯಿತು. ಡಬ್ಬಿ ಹಿಡಿದುಕೊಂಡು ಬಂದು, ವರಾಂಡದ ಕಡೆ ನೋಡದೆ, ನನ್ನ ಪಕ್ಕ ಕೂತರು. ನಾನು ಡಬ್ಬಿಯ ಮುಚ್ಚಳವನ್ನೇ ತಟ್ಟೆ ಮಾಡಿ ಒಂದು ರೊಟ್ಟಿ, ಪಲ್ಯ ಹಾಕಿ ಕೊಟ್ಟೆ. ಅವರ ಮೊದಲ ತುತ್ತು ನೆಲಕ್ಕೆ ಬಿತ್ತು. ಎರಡನೆಯದು ಬಾಯಿಗೆ ಹೋಯಿತು. ಬಿಸಿಲಿನ ಝಳಕ್ಕೆ ಅಂಗಿ ಬೆನ್ನಿಗಂಟಿತು. ವರಾಂಡದಲ್ಲಿ ಒಬ್ಬರು ಡಬ್ಬಿ ಮುಚ್ಚಿಕೊಂಡು ಎದ್ದು ಒಳಗೆ ಹೋದರು. ನಮ್ಮ ಮನೆಯವರು ತಲೆಯೆತ್ತಿ ಅದನ್ನು ನೋಡಿದರು, ಅಗಿಯುವುದು ನಿಲ್ಲಿಸಲಿಲ್ಲ. ಮುಚ್ಚಳದಲ್ಲಿದ್ದದ್ದು ಮುಗಿದ ಮೇಲೆ, ವರಾಂಡದವರೆಗೆ ಕೇಳುವಷ್ಟು ಗಟ್ಟಿಯಾಗಿ, "ಇನ್ನೊಂದು ರೊಟ್ಟಿ ಹಾಕು" ಎಂದರು.